ಮೊದಲು ಮಗುವಿನ ಮನೆಮಾತು ಕೇಳಲಿ

ಮಾನ್ಯರೇ,

ನಮ್ಮ ಜಿಲ್ಲೆಯ ಅನೇಕ ಶಾಲೆಗಳಲ್ಲಿ ವರ್ಷದ ಮೊದಲ ಕನ್ನಡ ತರಗತಿಯು, ಎದುರಿಗೆ ಕುಳಿತ ಮಗು ಮನೆಯಲ್ಲಿ ಯಾವ ಮಾತನಾಡುತ್ತದೆ ಎಂಬುದನ್ನು ವಿಚಾರಿಸದೆಯೇ ಆರಂಭವಾಗುತ್ತಿದೆ. ವಿಜಯಪುರ ಸೀಮೆಯಲ್ಲಿ ಒಂದೇ ಕೊಠಡಿಯೊಳಗೆ ಉರ್ದು ಮನೆಮಾತಿನವರು, ತಾಂಡಾಗಳಿಂದ ಬಂದ ಲಂಬಾಣಿ ನುಡಿಯವರು, ಗಡಿಭಾಗದ ಮರಾಠಿ ಭಾಷಿಕರು ಕೂಡಿ ಕಲಿಯುವುದು ಸಾಮಾನ್ಯ. ಕಬ್ಬು ಕಡಿಯಲು ಹೋಗುವ ಪಾಲಕರೊಂದಿಗೆ ಮಹಾರಾಷ್ಟ್ರಕ್ಕೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಕ್ಕಳೂ ಅಲ್ಲಿರುತ್ತಾರೆ. ಇಂಥ ಮಗು ಓದುವಾಗ ತಡವರಿಸಿದರೆ ಅದನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ. ಕನ್ನಡವೇ ಮನೆಮಾತಾದ ಮಗುವಿನ ಪಾಡೂ ಬೇರೆಯಲ್ಲ. ‘ಹೋಗ್ಯಾನ’, ‘ಬಂದಾಳ’ ಎಂದೊಡನೆ ತಪ್ಪೆಂದು ತಿದ್ದಿದರೆ (ಅದೂ ನಮ್ಮ ಭಾಗದ ಸೊಗಸಾದ ಕನ್ನಡವೇ ಅಲ್ಲವೇ?) ಆ ಮಗು ಮರುದಿನದಿಂದ ಬಾಯಿಯನ್ನೇ ತೆರೆಯುವುದಿಲ್ಲ.

ಕಲಿಕೆಯ ಕೊರತೆ ತುಂಬಲು ಶಾಲೆಗಳಲ್ಲಿ ವರ್ಷಾರಂಭದಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮವು ಹಿಂದಿನ ತರಗತಿಯ ಕಲಿಕೆಯನ್ನು ಮಾತ್ರ ಅಳೆಯದೆ, ಅದರಲ್ಲಿ ಎರಡು ದಿನಗಳನ್ನು ಮಕ್ಕಳ ಪರಿಚಯಕ್ಕೆ ಮೀಸಲಿಡಬೇಕು. ಪ್ರತಿ ಮಗುವಿನ ಮನೆಮಾತು, ಶಾಲೆ ತಪ್ಪಿದ ಅವಧಿ, ಮೆಚ್ಚಿನ ಹಾಡು–ಕತೆಗಳನ್ನು ಭಾಷಾ ಶಿಕ್ಷಕರು ಒಂದು ವಹಿಯಲ್ಲಿ ದಾಖಲಿಸಿ, ಮುಂದಿನ ತರಗತಿಯ ಶಿಕ್ಷಕರಿಗೆ ಒಪ್ಪಿಸುವಂತೆ ಶಿಕ್ಷಣ ಇಲಾಖೆ ಸೂಚನೆ ನೀಡಲಿ.

– ನಿವೃತ್ತ ಕನ್ನಡ ಶಿಕ್ಷಕ, ವಿಜಯಪುರ