ರಸೀದಿ ಹರಿಯದ ಕಾಣಿಕೆಗಳು

ಹೋದ ಭಾನುವಾರ ನಮ್ಮ ಚರ್ಚಿನ ಒಳಗೆ ಕೂತು ಆರಾಧನೆ ಮಾಡಿದೆವು. ಹನ್ನೊಂದು ತಿಂಗಳಾದ ಮೇಲೆ. ಅಲ್ಲಿಯವರೆಗೆ ಅಂಗಳದ ಬೇವಿನ ಮರದ ಪಕ್ಕ ಶಾಮಿಯಾನದಲ್ಲಿ ಇದ್ದೆವು.

ನಾನು ಈ ಸಭೆಯ ಖಜಾಂಚಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಹಾಗಾಗಿ ಈ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮಾಳಿಗೆ ರಿಪೇರಿಯ ಲೆಕ್ಕವನ್ನು ಪೈಸೆ ಬಿಡದೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ಅಂಟಿಸಿ ಮನೆಗೆ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಹಾಳೆಯಲ್ಲಿ ದುಡ್ಡು ಕೊಟ್ಟವರು ಮಾತ್ರ ಇದ್ದಾರೆ. ರಸೀದಿ ಹರಿದಿದ್ದರೆ ಹೆಸರುಂಟು, ಹರಿಯದಿದ್ದರೆ ಇಲ್ಲ. ಆದರೆ ಆ ಮಾಳಿಗೆಯಲ್ಲಿ ಅರ್ಧ ಭಾಗ ರಸೀದಿ ಹರಿಯದವರದ್ದೇ. ಈ ಬರಹ ಅವರಿಗೆ. ಇಲ್ಲಿಯೂ ಹೆಸರು ಹಾಕಿಲ್ಲ. ಕೆಲವರು ಬೇಡ ಅಂದರು. ಹಾಕಲು ಹೊರಟರೆ ಯಾರಾದರೂ ಒಬ್ಬರು ಬಿಟ್ಟುಹೋಗುತ್ತಾರೆ, ಅವರು ಮುಂದಿನ ವಾರ ಗೇಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ.

ಅದು ಅಕ್ಟೋಬರ್ ಮಳೆ. ಶನಿವಾರ ಸಂಜೆ ಏಳೂವರೆವರೆಗೂ ಹಾಡಿನ ತಂಡದವರು ಪ್ರಾಕ್ಟೀಸ್ ಮಾಡಿ ಹೋಗಿದ್ದರು. ಭಾನುವಾರ ಬೆಳಿಗ್ಗೆ ಗಂಟೆ ಹೊಡೆಯುವ ತಾತ ಬಾಗಿಲು ತೆಗೆದರೆ, ಹಾಡುವವರು ಕೂರುವ ಬೆಂಚಿನ ಮೇಲೆ ಇಟ್ಟಿಗೆಯ ರಾಶಿ. ಮೇಲೆ ಒಂದು ಮಂಚದಷ್ಟು ಅಗಲ ಆಕಾಶ ಕಾಣುತ್ತಿತ್ತು. ಹಾರ್ಮೋನಿಯಂ ಪೂರ್ತಿ ಸುಣ್ಣದ ಪುಡಿಯಲ್ಲಿ ಮುಳುಗಿತ್ತು. ತಾತ ಗಾಬರಿಯಾಗಿ ಹಗ್ಗ ಮುಟ್ಟಲೇ ಇಲ್ಲ. ಆವತ್ತು ನಮ್ಮ ಸಭೆಯವರಿಗಿಂತ ಮೊದಲು ಓಡಿ ಬಂದವರು ಎದುರಿನ ಟೀ ಬಂಡಿಯವರು. "ಯಾಕ್ರೀ ತಾತ, ಇವತ್ತು ಗಂಟೆ ಹೊಡೀಲಿಲ್ಲ? ನಿಮ್ಮ ಗಂಟೆ ಕೇಳೇ ಅಲ್ವಾ ನಾನು ಹಾಲು ಒಲೆ ಮೇಲೆ ಇಡೋದು?" ಅಂದರಂತೆ. ಒಳಗೆ ಇಣುಕಿ ನೋಡಿ, ಯಾರನ್ನೂ ಒಳಗೆ ಬಿಡಬೇಡಿ ಅಂತ ತಮ್ಮ ಬೆಂಚನ್ನೇ ತಂದು ಬಾಗಿಲಿಗೆ ಅಡ್ಡ ಇಟ್ಟರು. ಸಂಡೇ ಸ್ಕೂಲ್ ಮಕ್ಕಳು ಬರುವ ಹೊತ್ತು ಅದು. ಹಾಗಾಗಿ ಮೊದಲ ನಮಸ್ಕಾರ ಆ ಬೆಂಚಿಗೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮದು ಹಳೆಯ ಮದ್ರಾಸ್ ತಾರಸಿ. ತೇಗದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಚ್ಚು. ಹದಿನೈದು ವರ್ಷದ ಹಿಂದೆ ಒಂದು ಕಡೆ ಸೋರುತ್ತಿತ್ತು. ನಾವು ಬುದ್ಧಿವಂತರು ಮೇಲೆ ದಪ್ಪಗೆ ಸಿಮೆಂಟ್ ಬಳಿಸಿದೆವು. ಚೆಕ್ಕಿಗೆ ಸಹಿ ಹಾಕಿದವನು ನಾನೇ. ಸುಣ್ಣದ ಗಚ್ಚು ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿತು. ಸಿಮೆಂಟಿನ ಬಿರುಕಿನಲ್ಲಿ ಇಳಿದ ನೀರು ಒಳಗೇ ಕೂತು ಜಂತಿಯ ತುದಿ ತಿಂದಿತು. ಆಮೇಲೆ ಬಂದ ಮೇಸ್ತ್ರಿ ಒಂದು ಜಂತಿಯ ತುದಿಯನ್ನು ಎರಡು ಬೆರಳಲ್ಲಿ ಹಿಚುಕಿ ತೋರಿಸಿದರು. ಪುಟಾಣಿ ಪುಡಿ ಥರ ಉದುರಿತು.

ಬಳ್ಳಾರಿಯ ಕ್ರೈಸ್ತರಿಗೆ ಹಳೆಯ ಕಥೆ ಹೇಳುವುದೆಂದರೆ ಬಹಳ ಇಷ್ಟ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು, ಅವರು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದದ್ದು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಅಂತ ಅಚ್ಚಾದದ್ದು. ಪ್ರತಿ ವಾರ್ಷಿಕೋತ್ಸವದಲ್ಲಿ ಇದನ್ನೆಲ್ಲ ಯಾರಾದರೂ ಹೇಳುತ್ತಾರೆ, ನಾವು ಎದೆ ಉಬ್ಬಿಸಿ ಕೇಳುತ್ತೇವೆ. ಕಥೆ ಹೇಳುವುದರಲ್ಲಿ ಮುಂದು. ಏಣಿ ಹಾಕಿ ಮಾಳಿಗೆ ಹತ್ತಿ ನೋಡುವುದರಲ್ಲಿ ಮಾತ್ರ ಹಿಂದು.

ಸರ್ವಸದಸ್ಯರ ಸಭೆ ಸೇರಿತು. ಪೂರ್ತಿ ಕೆಡವಿ ಆರ್‌ಸಿಸಿ ಹಾಕೋಣ ಅಂತ ನಾನು ಹೇಳಿದೆ. ಬಹಳ ಜನ ಹೌದು ಅಂದರು. ಆಗ ಹಿಂದಿನ ಸಾಲಿನಿಂದ ನಮ್ಮ ರಿಟೈರ್ಡ್ ಕನ್ನಡ ಟೀಚರ್ ಮೇಡಂ ಎದ್ದರು. "ಸಾರ್, ಈಗ ತಾನೇ ಲೆಕ್ಕ ನೀವೇ ಓದಿದ್ರಿ. ಕೆಡವೋಕೆ ಸಾಕಾಗುವಷ್ಟು ದುಡ್ಡಿದೆ, ಕಟ್ಟೋಕೆ ಇಲ್ಲ. ಕೆಡವಿದ ಮೇಲೆ ಏನು ಮಾಡೋದು?" ಸಭೆ ನಕ್ಕಿತು. ನನಗೆ ಸಿಟ್ಟು ಬಂತು. ನನ್ನ ಲೆಕ್ಕವನ್ನೇ ನನ್ನ ಮೇಲೆ ತಿರುಗಿಸಿದ್ದರು. ಎರಡು ವಾರ ಅವರ ಜೊತೆ ಮಾತಾಡಲಿಲ್ಲ.

ಆ ಎರಡು ವಾರದಲ್ಲಿ ನಾನು ಮಾಡಿದ ಘನಂದಾರಿ ಕೆಲಸವೆಂದರೆ ಒಬ್ಬ ಕಂಟ್ರಾಕ್ಟರಿಗೆ ಅಡ್ವಾನ್ಸ್ ಕೊಟ್ಟದ್ದು. ಆ ಪುಣ್ಯಾತ್ಮನ ಹೆಸರು ಬೇಡ. ಎರಡು ದಿನ ಬಂದು ಟೇಪು ಹಿಡಿದು ಅಳೆದ, ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಇಡೀ ಲೆಕ್ಕದಲ್ಲಿ ರಸೀದಿ ಇದ್ದೂ ಕೆಲಸ ಇಲ್ಲದ ಬಾಬತ್ತು ಅದೊಂದೇ. ಅದೇ ಎರಡು ವಾರದಲ್ಲಿ ಮೇಡಂ ಮಂಡಿ ನೋವು ಇಟ್ಟುಕೊಂಡು ಬಸ್ಸಲ್ಲಿ ಊರೂರು ತಿರುಗಿದ್ದರು. ಹಳೆಯ ಮನೆ, ಹಳೆಯ ಗುಡಿ ಎಲ್ಲಿ ರಿಪೇರಿ ನಡೆದಿದೆ ಅಂತ ಕೇಳುತ್ತಾ ಹೋಗಿ, ಸಂಡೂರು ಕಡೆಯ ಒಂದು ಹಳ್ಳಿಯಲ್ಲಿ ಗಚ್ಚಿನ ಕೆಲಸ ಬಲ್ಲ ಮೇಸ್ತ್ರಿಯನ್ನು ಹಿಡಿದುಕೊಂಡು ಬಂದರು. ಬಸ್ ಚಾರ್ಜ್ ಎಷ್ಟಾಯಿತು ಅಂತ ಕೇಳಿದರೆ ಇವತ್ತಿಗೂ ಹೇಳಿಲ್ಲ.

ಶಾಮಿಯಾನದ ಭಾಯ್ ಬಗ್ಗೆ ಹೇಳಬೇಕು. ಕೌಲ್ ಬಜಾರಿನವರು. ಮೊದಲ ತಿಂಗಳ ಬಾಡಿಗೆ ತೆಗೆದುಕೊಂಡರು, ಅದು ಲೆಕ್ಕದಲ್ಲಿದೆ. ಎರಡನೇ ತಿಂಗಳು ದುಡ್ಡು ಹಿಡಿದು ಹೋದರೆ, "ಬಿಡ್ರಿ ಸಾರ್, ಮದುವೆ ಸೀಜನ್ ಬಂದಾಗ ಎರಡು ಕಂಬ ಕೇಳ್ತೀನಿ, ಕೊಡ್ರಿ ಸಾಕು" ಅಂದರು. ಆಮೇಲೆ ಒಂದು ಪೈಸೆ ಮುಟ್ಟಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲದಲ್ಲಿ ಒಂದು ರಾತ್ರಿ ಗಾಳಿಗೆ ಶಾಮಿಯಾನ ಹಾರಿ ಪಕ್ಕದ ಮನೆ ಮೇಲೆ ಬಿತ್ತು. ಬೆಳಿಗ್ಗೆ ಭಾಯ್ ಇಬ್ಬರು ಹುಡುಗರ ಜೊತೆ ಬಂದು ಮತ್ತೆ ಕಟ್ಟಿದರು. ಟೀ ತರಿಸಿದೆ. ರೋಜಾ ಅಂದರು. ನಮ್ಮ ಪಾದ್ರಿ ಅಯ್ಯನವರಿಗೂ ಲೆಂಟ್ ಉಪವಾಸ. ಕೊನೆಗೆ ಆರು ಟೀಯಲ್ಲಿ ಐದನ್ನು ನಾನೂ ಗಂಟೆ ತಾತನೂ ಕುಡಿದು ಮುಗಿಸಿದೆವು.

ನೆರಳಿಗೆ ಶಾಮಿಯಾನ ಆಯಿತು, ಪಕ್ಕದಿಂದ ಬರುವ ಬಿಸಿಲಿಗೆ? ನಮ್ಮ ಯೌವನಸ್ಥರಲ್ಲಿ ಬಹಳ ಜನ ಜೀನ್ಸ್ ಹೊಲಿಯುವವರು. ಬಳ್ಳಾರಿಯ ಜೀನ್ಸ್ ಪ್ಯಾಂಟು ಎಲ್ಲೆಲ್ಲಿಗೋ ಹೋಗುತ್ತದೆ, ಅದರ ತುಂಡು ಬಟ್ಟೆ ಇಲ್ಲೇ ಉಳಿಯುತ್ತದೆ. ಆ ತುಂಡುಗಳನ್ನು ಸೇರಿಸಿ, ಸೇಟುಗಳ ಕೆಲಸ ಮುಗಿದ ಮೇಲೆ ರಾತ್ರಿ ಕೂತು ಹೊಲಿದು ಉದ್ದದ ಪರದೆ ಮಾಡಿದರು. ಒಂದೊಂದು ತುಂಡು ಒಂದೊಂದು ನೀಲಿ. ಒಂದು ಕಡೆ ಪ್ಯಾಂಟಿನ ಜೇಬು ಹಾಗೇ ಇತ್ತು. ಸಂಡೇ ಸ್ಕೂಲ್ ಮಕ್ಕಳು ಅದರಲ್ಲಿ ಕಡ್ಲೆಕಾಯಿ ಸಿಪ್ಪೆ ತುಂಬುತ್ತಿದ್ದರು.

ತೆಲುಗು ಆರಾಧನೆಯವರಿಗೂ ಒಂದು ಮಾತು. ನಮ್ಮಲ್ಲಿ ಬೆಳಿಗ್ಗೆ ತೆಲುಗು, ಆಮೇಲೆ ಕನ್ನಡ. ಬೇಸಿಗೆಯಲ್ಲಿ ಹತ್ತು ಗಂಟೆಗೆ ಹೊರಗೆ ಕೂರುವುದು ಕಷ್ಟ. ಆರು ಗಂಟೆಗೆ ಬರುತ್ತೇವೆ, ನೀವು ಏಳೂವರೆಗೆ ಶುರು ಮಾಡಿ ಅಂದರು. ನಮ್ಮವರಲ್ಲಿ ಎಷ್ಟು ಜನ ಏಳೂವರೆಗೆ ಬಂದರು ಅನ್ನುವುದು ಬೇರೆ ಮಾತು, ಅದನ್ನು ಇಲ್ಲಿ ಎತ್ತುವುದಿಲ್ಲ.

ಗುಡ್ ಫ್ರೈಡೇ ಮಾತ್ರ ಮರೆಯಲಾರೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಬಳ್ಳಾರಿ, ಏಪ್ರಿಲ್, ಮೇಲೆ ಬಟ್ಟೆಯ ಮಾಡು. ಬೆಟ್ಟದ ಬಂಡೆಯೆಲ್ಲ ಕಾದು ಬಿಸಿ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಐದನೇ ಮಾತು, "ನನಗೆ ನೀರಡಿಕೆಯಾಗಿದೆ". ಹೇಳುತ್ತಿದ್ದವರ ನಾಲಿಗೆಯೇ ಅಂಟುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ಗೌಡ್ರ ಅಜ್ಜಿ ದೊಡ್ಡ ತಪ್ಪಲೆಯಲ್ಲಿ ಮಜ್ಜಿಗೆ ಹಿಡಿಸಿಕೊಂಡು ಗೇಟಿನೊಳಗೆ ಬಂದರು. ಅವರಿಗೆ ನಮ್ಮ ಉಪವಾಸ ಗೊತ್ತಿಲ್ಲ. ಲೋಟ ಹಂಚಲು ಶುರು ಮಾಡಿದರೆ ದೊಡ್ಡವರೆಲ್ಲ ಕೈ ಅಡ್ಡ ಹಿಡಿಯುತ್ತಾರೆ. "ಯಾಕ, ನನ್ನ ಮಜ್ಜಿಗಿ ಬ್ಯಾಡೇನು?" ಅಂತ ಅಜ್ಜಿಯ ಮುಖ ಸಣ್ಣದಾಯಿತು. ಅಯ್ಯನವರ ಹೆಂಡತಿ ಅಮ್ಮನವರು ಹೋಗಿ ಕಿವಿಯಲ್ಲಿ ವಿಷಯ ಹೇಳಿದರು. ಅಜ್ಜಿ ಮಕ್ಕಳಿಗೆಲ್ಲ ಕುಡಿಸಿ, ತಪ್ಪಲೆಯ ಮೇಲೆ ಹಸಿ ಬಟ್ಟೆ ಮುಚ್ಚಿ ಬೇವಿನ ಬುಡದಲ್ಲಿ ಕೂತರು. ಒಂದೂಕಾಲು ಗಂಟೆ ಹೊತ್ತು, ನಮ್ಮ ಜೊತೆಯೇ. ಮೂರಕ್ಕೆ ಆಶೀರ್ವಾದ ಮುಗಿಯಿತೋ ಇಲ್ಲವೋ ಅಜ್ಜಿ ಎದ್ದು ನಿಂತು, "ಈಗರ ಕುಡೀರಿ" ಅಂದರು. ಹಸಿಶುಂಠಿ, ಕರಿಬೇವು, ಸ್ವಲ್ಪ ಇಂಗು. ಅಷ್ಟು ರುಚಿಯ ಮಜ್ಜಿಗೆ ನಾನು ಕುಡಿದಿಲ್ಲ.

ಅದಕ್ಕೆ ಮೊದಲು ಫೆಬ್ರವರಿಯಲ್ಲಿ ಸುಗ್ಗಿ ಹಬ್ಬದ ಸವಾಲು, ಅಂದರೆ ಕಾಣಿಕೆಗಳ ಹರಾಜು, ಆಗಿತ್ತು. ಪ್ರತಿ ವರ್ಷದ ಹಾಗೆ ಕಾಲುವೆ ಕಡೆಯ ಹಳ್ಳಿಗಳಿಂದ ಭತ್ತ, ಮೆಣಸಿನಕಾಯಿ, ಜೋಳದ ತೆನೆ, ಕುಂಬಳಕಾಯಿ, ಎರಡು ಹುಂಜ ಬಂದಿದ್ದವು. ಒಬ್ಬ ವಿಧವೆ ತಾಯಿ ಒಂದೇ ಒಂದು ಕೋಳಿಮೊಟ್ಟೆ ತಂದಿದ್ದರು. ಸವಾಲು ಕೂಗುವವರು ಹತ್ತು ರೂಪಾಯಿಯಿಂದ ಶುರು ಮಾಡಿದರು. ಕೊಂಡವರು ಅದನ್ನು ಮತ್ತೆ ಸವಾಲಿಗೆ ಕೊಟ್ಟರು. ಅವರಿಂದ ಕೊಂಡವರೂ ಕೊಟ್ಟರು. ಹೀಗೆ ಒಂದು ಮೊಟ್ಟೆ ಒಂಬತ್ತು ಸಲ ಮಾರಾಟವಾಯಿತು. ಒಂಬತ್ತಕ್ಕೂ ರಸೀದಿ ಹರಿದೆ. ಮೊಟ್ಟೆ ತಂದವರಿಗೆ ಮಾತ್ರ ಹರಿಯಲಿಲ್ಲ, ಯಾಕೆಂದರೆ ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಮೇಸ್ತ್ರಿ ಕೆಲಸ ಶುರು ಮಾಡಿದ್ದು ಏಪ್ರಿಲ್ ಕೊನೆಗೆ. ಅದಕ್ಕೆ ತಿಂಗಳು ಮೊದಲೇ ಬಂದು ಅಂಗಳದಲ್ಲಿ ಗುಂಡಿ ತೋಡಿಸಿ ಸುಣ್ಣ ಅರಳಿಸಿ ಇಟ್ಟಿದ್ದರು. "ಸುಣ್ಣಕ್ಕೆ ಅವಸರ ಆಗಲ್ಲ ಸಾರ್" ಅನ್ನುವುದು ಅವರ ಒಂದೇ ಮಾತು. ಡ್ರಮ್ಮಿನಲ್ಲಿ ಬೆಲ್ಲ, ಅಳಲೆಕಾಯಿ ನೆನೆಹಾಕಿ ಆ ನೀರನ್ನು ಗಾರೆಗೆ ಬೆರೆಸಿದರು. ಇಟ್ಟಿಗೆ ಚೂರು, ಸುಣ್ಣ ಹರಡಿದ ಮೇಲೆ ಅದನ್ನು ಮರದ ಕೊಡತಿಯಿಂದ ಬಡಿಯಬೇಕು. ಒಂದು ದಿನ ಅಲ್ಲ, ದಿನಗಟ್ಟಲೆ. ಕೂಲಿಯವರು ನಾಲ್ಕು ಜನ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಐದೂವರೆಗೆ ಸ್ತ್ರೀ ಸಮಾಜದ ಹನ್ನೆರಡು ಹೆಂಗಸರು ಸೆರಗು ಬಿಗಿದು ಏಣಿ ಹತ್ತಿದರು. ಬಿಸಿಲು ಏರುವವರೆಗೆ ಬಡಿಯುವುದು, ಸಂಜೆ ಮತ್ತೆ ಬಡಿಯುವುದು. ಕೀರ್ತನೆ ಹಾಡುತ್ತಾ ಆ ತಾಳಕ್ಕೇ ಬಡಿಯುತ್ತಿದ್ದರು. ನಮ್ಮ ಹಾಡಿನ ತಂಡದವರು ಬೇಜಾರಾಗಬಾರದು, ಅಷ್ಟು ಸರಿಯಾದ ತಾಳ ನಾನು ಕೆಳಗೆ ಯಾವತ್ತೂ ಕೇಳಿಲ್ಲ. ಕೆಲಸದವರ ಮಧ್ಯಾಹ್ನದ ಊಟ ಇವರ ಹಿಡಿ ಅಕ್ಕಿಯದ್ದು. ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ಚರ್ಚಿಗೆ ತಂದು ಸುರಿಯುತ್ತಾರೆ. ನೀರಿಗೆ? ಬೇಸಿಗೆಯಲ್ಲಿ ಬಳ್ಳಾರಿಯ ನಲ್ಲಿಯ ಕಥೆ ನಿಮಗೆ ಗೊತ್ತೇ ಇದೆ. ಹೊಸ ಗಚ್ಚು ಬೇಗ ಒಣಗಿದರೆ ಬಿರಿಯುತ್ತದೆ, ಗೋಣಿಚೀಲ ಹಾಸಿ ಸದಾ ಒದ್ದೆ ಇಡಬೇಕು. ಮಜ್ಜಿಗೆ ಅಜ್ಜಿಯ ಮನೆಯವರು ತಮ್ಮ ಬೋರಿಗೆ ಪೈಪು ಹಾಕಿ ಗೋಡೆ ಮೇಲಿಂದ ಎಸೆದುಬಿಟ್ಟರು. ಮೂರು ವಾರ ಆ ಪೈಪು ಅಲ್ಲೇ ಇತ್ತು. ಕರೆಂಟ್ ಬಿಲ್ ಅವರೇ ಕಟ್ಟಿದರು.

ಕೂಲಿ ಬಿಟ್ಟು ಬಂದ ಬಡಗಿ ಅಣ್ಣ, ಬೆಂಚುಗಳನ್ನು ಹನ್ನೊಂದು ತಿಂಗಳು ಕ್ಲಾಸ್ ರೂಮಿನಲ್ಲಿ ಇಟ್ಟುಕೊಂಡ ಶಾಲೆಯವರು, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದು ಇಟ್ಟಿಗೆ ಹೊತ್ತ ಆ ಕಾಲೇಜು ಹುಡುಗರು, ಕೆಲಸದವರಿಗೆ ಒಗ್ಗರಣೆ-ಮಿರ್ಚಿ ಕಟ್ಟಿಕೊಟ್ಟು ಲೆಕ್ಕ ಬರೆಯದ ಅಂಗಡಿಯಾಕೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಜೂನ್ ಮಳೆ ಬರುವ ಹೊತ್ತಿಗೆ ಮಾಳಿಗೆ ಮುಗಿದಿತ್ತು. ಒಳಗಿನ ಕೆಲಸಕ್ಕೆ ಇನ್ನೂ ಮೂರು ತಿಂಗಳು ಹಿಡಿಯಿತು. ಈ ಮಳೆಗಾಲದಲ್ಲಿ ಒಂದು ಹನಿಯೂ ಸೋರಿಲ್ಲ.

ಹೋದ ಭಾನುವಾರ ಮೊದಲ ಗಂಟೆ ಹೊಡೆದಾಗ ಎದುರಿನ ಟೀ ಬಂಡಿಯವರು ಪಾತ್ರೆಯನ್ನು ಮೇಲೆತ್ತಿ ತಾತನಿಗೆ ತೋರಿಸಿದರಂತೆ. ಆರಾಧನೆಯ ನಂತರ ನಾನು ಹಿಂದಿನ ಸಾಲಿಗೆ ಹೋದೆ. ಮೇಡಂ ತಲೆ ಎತ್ತಿ ಜಂತಿ ಎಣಿಸುತ್ತಾ ಕೂತಿದ್ದರು. "ಮೇಡಂ, ಆವತ್ತು ನೀವು ಎದ್ದು ನಿಲ್ಲದಿದ್ದರೆ ನಾವು ಇನ್ನೂ ಅಂಗಳದಲ್ಲೇ ಇರ್ತಿದ್ವಿ" ಅಂದೆ. "ಅದಿರಲಿ ಸಾರ್, ಕಂಟ್ರಾಕ್ಟರ್ ಅಡ್ವಾನ್ಸ್ ವಾಪಸ್ ಬಂತಾ?" ಅಂತ ಕೇಳಿದರು.

ಬಂದಿಲ್ಲ.

ಇನ್ನೊಂದು. ಕೆಲಸದವರಿಗೆ ಊಟ ತಂದವರ ಏಳು ಸ್ಟೀಲ್ ಡಬ್ಬಿ, ಒಂದು ತಪ್ಪಲೆ ಮುಚ್ಚಳ, ಒಂದು ಮಗುವಿನ ಎಡಗಾಲ ಚಪ್ಪಲಿ ಆಫೀಸ್ ರೂಮಿನಲ್ಲಿವೆ. ಡಬ್ಬಿಗಳ ತಳದಲ್ಲಿ ಹೆಸರು ಕೊರೆದಿದೆ, ಆದರೆ ಮೂರರಲ್ಲಿ ಒಂದೇ ಹೆಸರಿದೆ. ಯಾರದ್ದು ಯಾವುದು ಅಂತ ನನಗೆ ತಿಳಿಯುತ್ತಿಲ್ಲ. ಬುಧವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಾನು ಅಲ್ಲೇ ಇರುತ್ತೇನೆ, ಬಂದು ತೆಗೆದುಕೊಂಡು ಹೋಗಿ.