ಚೌಕಿಯಲ್ಲಿ ಕಾದು ಕೂರದ ವೇಷ

ಕೇಂಬ್ರಿಡ್ಜ್, ಭಾನುವಾರ

ತೀರ್ಥರೂಪರಾದ ಅಪ್ಪಯ್ಯನಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಅಡಿಕೆಗೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆದಾಯಿತೇ? ರಜೆಯ ದಿನ ಅಲ್ಲೇನು ಮಾಡುತ್ತೀಯ ಎಂದು ನೀವು ಕೇಳುವಷ್ಟರಲ್ಲಿ ಫೋನ್ ಕಡಿದುಹೋಯಿತು. ತೀರ್ಥಹಳ್ಳಿಯ ಮಳೆಯನ್ನು ನಂಬದೆ ಪತ್ರ ಬರೆಯುತ್ತಿದ್ದೇನೆ.

ಇಲ್ಲಿಗೆ ಹತ್ತಿರದ ಸಣ್ಣ ಏರ್‌ಫೀಲ್ಡಿನಲ್ಲಿ ಮುಂದಿನ ತಿಂಗಳು ಹಳೆಯ ಯುದ್ಧವಿಮಾನಗಳ ಪ್ರದರ್ಶನವಿದೆ. ಯಾವುದು ಎಷ್ಟು ಹೊತ್ತಿಗೆ ಏಳಬೇಕು, ಯಾವುದು ಇಳಿಯಬೇಕು ಎಂದು ನಿಮಿಷ ಲೆಕ್ಕದಲ್ಲಿ ಬರೆದಿಡುವವಳು ನಾನು. ಒಂದು ರೀತಿಯಲ್ಲಿ ಯಕ್ಷಗಾನದ ಭಾಗವತಿಕೆ ಎನ್ನಿ.

ಈ ಸಲ ಜನ ಬರೀ ಕತ್ತೆತ್ತಿ ನೋಡುವುದಲ್ಲ, ಆಟದಲ್ಲಿ ಸೇರಬೇಕು. 1940ರಲ್ಲಿ ಶತ್ರುವಿಮಾನದ ಸುಳಿವು ಸಿಕ್ಕಿತೆಂದರೆ ಇಲ್ಲಿ ಗಂಟೆ ಬಾರಿಸುತ್ತಿದ್ದರು, ಪೈಲಟ್‌ಗಳು ಎದ್ದುಬಿದ್ದು ಓಡುತ್ತಿದ್ದರು. ಆ ಗಂಟೆಯನ್ನು ಪ್ರೇಕ್ಷಕರ ಮಗುವೊಂದು ಬಾರಿಸುತ್ತದೆ. ಉಳಿದ ಮಕ್ಕಳಿಗೆ ದೊಡ್ಡ ಮೇಜಿನ ನಕ್ಷೆಯ ಮೇಲೆ ವಿಮಾನಗಳ ಗುರುತಿನ ಬಿಲ್ಲೆಗಳನ್ನು ಕೋಲಿನಿಂದ ತಳ್ಳುವ ಕೆಲಸ; ಆಗ ಅದನ್ನು ವಾಯುಪಡೆಯ ಹೆಂಗಸರು ಮಾಡುತ್ತಿದ್ದರು.

ತಲೆನೋವು ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ್ದು. 27 ಲೀಟರಿನ, ಹನ್ನೆರಡು ಸಿಲಿಂಡರಿನ ಮರ್ಲಿನ್ ಎಂಜಿನ್ ಹಾರುವಾಗ ತಣ್ಣಗಿರುತ್ತದೆ, ನೆಲದ ಮೇಲೆ ನಿಂತರೆ ಕುದಿಯುತ್ತದೆ. ರೇಡಿಯೇಟರ್ ಇರುವುದು ರೆಕ್ಕೆಯ ಅಡಿಯಲ್ಲಿ. ನಿಂತಲ್ಲಿ ಅದಕ್ಕೆ ಸಾಕಷ್ಟು ಗಾಳಿ ಸಿಗುವುದಿಲ್ಲ. ನಿನ್ನೆಯ ತಾಲೀಮಿನಲ್ಲಿ ಎಂಜಿನ್ ಓಡುತ್ತಿತ್ತು, ಇತ್ತ ಅಣ್ಣತಂಗಿಯರಿಬ್ಬರು ಗಂಟೆಯ ಹಗ್ಗಕ್ಕೆ ಜಗಳವಾಡುತ್ತಿದ್ದರು. ಪೈಲಟ್ ಒಮ್ಮೆ ಎಂಜಿನ್ ಬಿಸಿ ತೋರಿಸುವ ಮುಳ್ಳಿನತ್ತ, ಒಮ್ಮೆ ನನ್ನತ್ತ ನೋಡಿ ಕೊನೆಗೆ ಎಂಜಿನ್ ನಿಲ್ಲಿಸಿಯೇಬಿಟ್ಟ. ನಮ್ಮಲ್ಲಾದರೆ ವೇಷ ಸಿದ್ಧವಾಗುವವರೆಗೆ ಭಾಗವತರು ಪದ ಎಳೆಯಬಹುದು. ಈ ವೇಷಕ್ಕೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕಾದು ಕೂರುವ ವ್ಯವಧಾನವೇ ಇಲ್ಲ.

ಹಾಗಾಗಿ ಕ್ರಮವನ್ನೇ ತಿರುಗಿಸಿದ್ದೇನೆ: ಮೊದಲು ಗಂಟೆ, ಆಮೇಲೆ ಪೈಲಟ್‌ಗಳ ಓಟ, ಅದಾದ ಮೇಲಷ್ಟೇ ಎಂಜಿನ್. ಇಲ್ಲಿನ ಹಿರಿಯರೊಬ್ಬರು ಗೊಣಗಿದರು. ನನ್ನ ಪ್ರಕಾರ ಆಟದ ಅರ್ಧ ರಸವೇ ಆ ಚಾಲೂ ಮಾಡುವುದರಲ್ಲಿದೆ. ಮೂತಿಯ ಪ್ರೊಪೆಲ್ಲರ್ ಎರಡು ಸುತ್ತು ತಡವರಿಸುತ್ತದೆ, ಸಾಲು ಕೊಳವೆಗಳಿಂದ ಬಿಳಿ ಹೊಗೆ, ಒಂದು ನಾಲಗೆ ಬೆಂಕಿ, ಆಮೇಲೆ ಎದೆಗೂಡು ನಡುಗುವಂಥ ಸದ್ದು. ನೆಲದ ಮೇಲೆ ಸಾಗುವಾಗ ಪೈಲಟ್‌ಗೆ ಎದುರಿನ ದಾರಿಯೇ ಕಾಣುವುದಿಲ್ಲ, ನಮ್ಮ ಜೀಪು ತೋಟದ ಏರು ಹತ್ತುವಾಗ ಬಾನೆಟ್ ಮತ್ತು ಆಕಾಶ ಮಾತ್ರ ಕಾಣುವ ಹಾಗೆ. ಅದಕ್ಕೇ ಹಾವಿನಂತೆ ಅತ್ತಿತ್ತ ಹೊರಳುತ್ತ ಹೋಗುತ್ತದೆ.

ಅಮ್ಮ ಹೆದರುವುದು ಬೇಡ. 2015ರ ಆಗಸ್ಟಿನಲ್ಲಿ ಶೋರ್‌ಹ್ಯಾಮ್ ಎಂಬಲ್ಲಿ ಪ್ರದರ್ಶನದ ನಡುವೆ ಒಂದು ಹಂಟರ್ ಯುದ್ಧವಿಮಾನ ರಸ್ತೆಗೆ ಬಿದ್ದು 11 ಜನ ಸತ್ತರು. ನೀವು 1971ರಲ್ಲಿ ರೇಡಿಯೊದಲ್ಲಿ ಕೇಳಿದ ಲೋಂಗೆವಾಲ ಕಾಳಗದ ಹಂಟರ್, ಅದೇ ಜಾತಿ. ಅಂದಿನಿಂದ ನಿಯಮ ಬಹಳ ಬಿಗಿಯಾಗಿದೆ. ನನ್ನ ಕಾಗದಗಳಲ್ಲಿ ಮುಕ್ಕಾಲು ಪಾಲು ಜನರಿಂದ ವಿಮಾನ ಎಷ್ಟು ದೂರದಲ್ಲಿರಬೇಕೆಂಬ ಲೆಕ್ಕವೇ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಇದನ್ನು ತರಬಹುದೇ ಎಂದು ತಮ್ಮ ಕೇಳಿದ್ದ. ಸ್ಪಿಟ್‌ಫೈರ್‌ಗೆ ಒಂದು ಹುಲ್ಲುಬಯಲು ಸಾಕು, ಅಲ್ಲಿನ 3.2 ಕಿಲೋಮೀಟರ್ ರನ್‌ವೇ ಅದಕ್ಕೆ ಅತಿಯಾಯಿತು ಎಂದು ಹೇಳಿ.

ನಾಳೆ ಗಂಟೆಯ ಹಗ್ಗವನ್ನು ಉದ್ದ ಮಾಡಿಸಬೇಕು. ಐದು ವರ್ಷದ ಮಗುವಿಗೂ ಎಟುಕಬೇಕಲ್ಲ.

ಇಂತಿ,
ನಿಮ್ಮ ಮಗಳು