ಟೋಕಿಯೊದಲ್ಲಿ ಕೂತು ಬರೆದ ಯುದ್ಧ

ಮಾನ್ಯರೇ,

ಕೊರಿಯಾ ಯುದ್ಧದ ಕುರಿತ ನಿಮ್ಮ ಲೇಖನಮಾಲೆ ಅಮೆರಿಕದ ದಂಡನಾಯಕ ಜನರಲ್ ಮೆಕಾರ್ಥರ್ ಕಚೇರಿಯ ದಿನದ ಪ್ರಕಟಣೆಗಳನ್ನೇ ಅತಿಯಾಗಿ ನೆಚ್ಚಿಕೊಂಡಿದೆ. ಕಾದಾಟ ಕೊರಿಯಾದ ಗುಡ್ಡಗಳಲ್ಲಿ. ಪ್ರಕಟಣೆ ಸಿದ್ಧವಾಗುತ್ತಿದ್ದುದು ಸಮುದ್ರದಾಚೆ ಟೋಕಿಯೊದಲ್ಲಿ!

ಅಮೆರಿಕದ ಪಡೆ ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿದರೆ ತಾನು ಸುಮ್ಮನಿರುವುದಿಲ್ಲವೆಂದು ಚೀನಾ 1950ರ ಅಕ್ಟೋಬರ್ ಆರಂಭದಲ್ಲೇ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ ಎಚ್ಚರಿಸಿತ್ತು. ಅದನ್ನು ಅಮೆರಿಕದವರು ಬರೀ ಬೆದರಿಕೆ ಎಂದು ತಳ್ಳಿಹಾಕಿದರು. ನವೆಂಬರ್ 24ರ ಪ್ರಕಟಣೆಯ ಪ್ರಕಾರ ಯುದ್ಧ ಇನ್ನೇನು ಮುಗಿಯಬೇಕು. ನಾಲ್ಕೇ ದಿನಕ್ಕೆ ಅದೇ ಕಚೇರಿ, ಇದು ಹೊಸದೇ ಯುದ್ಧ ಎಂದಿತು. ಅಷ್ಟರಲ್ಲಿ ಚೀನೀ ಸೇನೆ ಬೆಟ್ಟಗಳ ನಡುವಿನಿಂದ ನುಗ್ಗಿಯಾಗಿತ್ತು. ಡಿಸೆಂಬರಿನಲ್ಲಿ ವರದಿಗಾರರ ಮೇಲೆ ಸೆನ್ಸಾರ್ ಬಿತ್ತು, ಜನವರಿಯಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಮತ್ತೆ ಕೈತಪ್ಪಿತು. ಸೋತ ಸೇನೆಗೆ ಮೊದಲು ನೆನಪಾಗುವುದು ಪತ್ರಕರ್ತರೇ ಇರಬೇಕು.

ಯುದ್ಧಕೈದಿಗಳ ವಿಷಯವನ್ನಂತೂ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 1953ರ ಕದನವಿರಾಮದ ನಂತರ ತಾಯ್ನಾಡಿಗೆ ಮರಳಲೊಪ್ಪದ ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಮುಂದಿನ ಕಂತಿನಲ್ಲಾದರೂ ಅವರ ಕೆಲಸದ ಬಗ್ಗೆ ವಿವರವಾಗಿ ಬರೆಸಿ.

– ಓದುಗ, ಮಡಿಕೇರಿ